ಮೂರು ಊರಿನ ಕರಡು

ಗದುಗಿನ ಈ ಪ್ರೆಸ್ಸಿನಾಗ ಆರು ವರ್ಷ
ಬ್ಯಾರೆಯವರ ತಪ್ಪು ತಿದ್ದಿದೆ.
ಓದಿದ್ದು ಬಿ.ಎ., ಇತಿಹಾಸ.
ತಿದ್ದಿದ್ದು ಪಿಯುಸಿ ಜೀವಶಾಸ್ತ್ರದ ಗೈಡು.
ಮೊದಲನೇ ವರ್ಷನ ಕಣ್ಣು ತಪ್ಪಿತು:
ಹದಿನೇಳನೇ ಫಾರ್ಮಿನಾಗ ಅಪಧಮನಿ ಎದ್ದು ಹೋಗಿ
ಆ ಜಾಗಾದಾಗ ಅಭಿಧಮನಿ ಕುಂತಿತ್ತು.
ಒಂದಕ್ಷರ.
ಎರಡು ಸಾವಿರ ಪ್ರತಿಯೊಳಗ ರಕ್ತ ಹಿಂದಕ್ಕ ಹರೀತು.

ಮುಂಡರಗಿಯ ಹುಡುಗಿಯೊಬ್ಬಾಕಿ ಕಾರ್ಡು ಬರದ್ಲು:
"ಸರ್, ಪುಟ ೨೬೩ ತಪ್ಪೈತ್ರಿ."
ಸರ್ ಅಂದ್ರ ನಾನು.
ಮಾಲಕರು ಬಳ್ಳೊಳ್ಳಿಯವರು ಅದನ್ನ ನನ್ನ ಮೇಜಿನ ಗಾಜಿನ ಕೆಳಗ ಇಟ್ರು.
ಬೈಲಿಲ್ಲ. ಬೈದಿದ್ರ ಅವತ್ತೇ ಮರೀತಿದ್ದೆ.

ಅಲ್ಲಿಂದ ಅಕ್ಷರ ಬಿಟ್ಟು ಅರ್ಥ ಓದಾಕ ಹತ್ತಿದೆ.
ಡಬ್ಬಿ ಬಿಚ್ಚೂ ಮೊದಲು ಎಡ ಮುಂಗೈ ಮ್ಯಾಲೆ ಬೆರಳಿಟ್ಟು
ಗೋಡೆ ಗಡಿಯಾರ ನೋಡಿ ಎಣಿಸೂದು;
ಕಂಪೋಜಿಂಗಿನ ಜೈತುನಬಿ ತನ್ನ ಕೈಯೂ ಚಾಚೂದು,
"ನಂದೂ ಹೇಳವಾ, ಇನ್ನೂ ಎಷ್ಟು ದಿನ ಅದೀನಿ?"

ಈಗ ಇಪ್ಪತ್ತೆಂಟು.
ವಿಜ್ಞಾನದ ಪಿಯುಸಿ ಓಪನ್ ಸ್ಕೂಲಿನಾಗ ಕಟ್ಟಬೇಕು,
ಆಮ್ಯಾಲೆ ನೀಟು, ಆಮ್ಯಾಲೆ ಸೀಟು ಸಿಕ್ಕರ ಸಿಕ್ಕೀತು.
ವಯಸ್ಸಿಗೆ ಮಿತಿ ಇಲ್ಲಂತ ನಿಯಮದಾಗ ಐತಿ.
ನಿಯಮ ಬರದವರು ಬೆಟಗೇರಿಯ ನಮ್ಮ ಓಣಿ ನೋಡಿಲ್ಲ.
ಕಂಡಕಿ ಸುತ್ತೂದು ನಿಲ್ಲಸದ ಅವ್ವ ಅಂದ್ಲು:
"ಆಗು. ಮೊದಲ ನನ್ನ ಮಣಕಾಲು ನೋಡು."

ಮೂರು ಕೋಚಿಂಗಿನ ಕಾಗದ ತರಿಸೀನಿ.

ಲಾತೂರಿನದು ದಪ್ಪ ಆರ್ಟ್ ಪೇಪರು.
ನಗೂ ಮಾರಿಗಳು, ಒಂದಕ್ಕೂ ಹತ್ತೊಂಬತ್ತು ದಾಟಿಲ್ಲ.
ಫೋನ್ ಹಚ್ಚಿದ್ರ ಹಿಂದಿಯೊಳಗ ಕೇಳಿದ್ರು, ತಂಗಿ ಹೆಸರೇನು?
ನನಗೇ, ಅಂದೆ. ಲೈನು ಗಪ್ ಆತು.
ಸೋಲಾಪುರದಾಗ ಗಾಡಿ ಬದಲಿಸಬೇಕು.
ಬದಲಿಸಿದ ಮ್ಯಾಲೆ ನನ್ನ ಹೆಸರು ಗೊತ್ತಿದ್ದವರು ಒಬ್ಬರೂ ಇರೂದಿಲ್ಲ.
ಫೀ ಕಟ್ಟೂದು ಆ ಸುಖಕ್ಕ ಅನಿಸ್ತು.

ಮಂಗಳೂರಿನದರಾಗ ಒಂದೂ ತಪ್ಪಿಲ್ಲ. ಎರಡು ಸಲ ಹುಡುಕಿದೆ.
ಐದಕ್ಕ ಗಂಟಿ, ಹತ್ತಕ್ಕ ದೀಪ ಬಂದು,
ಮೊಬೈಲು ವಾರ್ಡನ್ ಕೈಯಾಗ, ಪಾಲಕರ ಸಹಿ ಇಲ್ಲಿ.
ನನಗ ಪಾಲಕರು ಯಾರು?
ಅವ್ವ ಹೆಬ್ಬಟ್ಟು ಒತ್ತ್ಯಾಳು, ಒತ್ತಲಿ.
ಆಕೀ ರೇಶನ್, ಆಕೀ ಗುಳಿಗಿ, ಆಕೀ ಬ್ಯಾಂಕು,
ಆಕೀಗೆ ಪಾಲಕಿ ನಾನು.

ಧಾರವಾಡದ್ದು ಒಂದು ಹಾಳಿ, ಸಪ್ತಾಪುರದ ಝೆರಾಕ್ಸು.
ಏಳು ತಪ್ಪು. 'ವೈದ್ಯಕೀಯ'ದೊಳಗನ ಎರಡು.
ನಡಸಾವರು ಹಳೇ ಮಾಸ್ತರು, ಹಿರೇಗೌಡರ ಅಂತ.
ಹನ್ನೊಂದು ಮಂದಿ, ಎಲ್ಲಾರೂ ಹೊತ್ತು ಮೀರಿದವರು:
ನರ್ಸು, ಔಷಧ ಅಂಗಡಿಯಾವ, ಎರಡು ಮಕ್ಕಳ ತಾಯಿ.
ಆಧಾರ್ ತೋರಿಸಿದ್ರ ಬಸ್ಸಿನಾಗ ಸೊನ್ನೆ ಟಿಕೀಟು,
ರಾತ್ರಿ ಅವ್ವನ ಎದುರಿಗೇ ಉಣ್ಣಬಹುದು.

ಅದಕ್ಕನ ಬ್ಯಾಡಾಗಿತ್ತು.
ಅಣ್ಣಿಗೇರಿ ಬರೂದ್ರೊಳಗ ಮೂರು ಮಂದಿ ಕೇಳ್ತಾರ, ಎಲ್ಲಿಗೆ ಹೊಂಟೀ?
ಜೋಡಿ ಓದಿದಾಕಿ ಅಲ್ಲೇ ಲೆಕ್ಚರರ್,
ನಡು ರಸ್ತಾದಾಗ ಸ್ಕೂಟಿ ನಿಲ್ಲಸ್ತಾಳ.
ದೂರ ಹೋದ್ರ ಸೋಲೂದೂ ದೂರದಾಗ ಆಗತೈತಿ.
ಇಲ್ಲಿ ಸೋತರ, ಸಂಜೀ ಬಸ್ಸಿನಾಗ ಅದನ್ನ ತೊಡೀ ಮ್ಯಾಲೆ ಇಟಗೊಂಡು
ಮನಿಗೆ ಬರಬೇಕು.

ನಿನ್ನೆ ರಾತ್ರಿ ಮೂರೂ ಊರು ಬರದು
ಕೆಂಪು ಪೆನ್ನಿಲೆ ಧಾರವಾಡ ಹೊಡದುಹಾಕಿದೆ.
ಸ್ವಲ್ಪ ಹೊತ್ತಿಗೆ, ಯಾಕೋ,
ಹೊಡದದ್ದರ ಕೆಳಗ ಸಾಲು ಚುಕ್ಕಿ ಇಟ್ಟೆ.
ನಮ್ಮ ಕೆಲಸದಾಗ ಹಂಗಂದ್ರ:
ತೆಗೀಬ್ಯಾಡ, ಇರಲಿ.

ಮುಂಜಾನೆ ಮಾಸ್ತರಿಗೆ ಫೋನ್ ಹಚ್ಚಿ
ಏಳೂ ತಪ್ಪು ಓದಿ ಹೇಳಿದೆ.
ಆರು ಬರಕೊಂಡ್ರು. ಪೆನ್ಸಿಲ್ ಸಪ್ಪಳ ಕೇಳಿಸ್ತು.
ಏಳನೇದು, ಕೆಳಗಿನ ಮಾದರಿ ಪ್ರಶ್ನೆಯೊಳಗ, ಪರಿಧಮನಿ.
ಅಪಧಮನಿ ಆಗಬೇಕ್ರಿ, ಅಂದೆ,
ಆರು ವರ್ಷದ ಗತ್ತಿನಾಗ.
"ಇಲ್ಲವಾ, ಅದು ಸರಿ ಐತಿ.
ಎಲ್ಲಾ ಕಡೆ ರಕ್ತ ಕಳಸೂ ಹೃದಯಕ್ಕೂ ಹಸಿವಿ ಇರತೈತಿ.
ಅದಕ್ಕ ಉಣಸಾಕ ಒಂದು ಬ್ಯಾರೆ ನಾಳ."

ಗೈಡು ತೆಗದು ಮೊದಲಿಂದ ಕಡೀತನ ನೋಡಿದೆ.
ಆರು ಮುದ್ರಣ.
ನಮ್ಮದರಾಗ ಆ ಶಬ್ದನ ಇರಲಿಲ್ಲ.